ಗೃಹೋಪಯೋಗಿ ವಿಚಾರ: ವಿಡಿಯೋ ಸಂಕಲನಕ್ಕೊಂದು ಉಗ್ರಾಣ

ಮದುವೆ, ಉಪನಯನ, ಷಷ್ಟ್ಯಬ್ದಪೂರ್ತಿ ಮೊದಲಾದ ಶುಭಕಾರ್ಯಗಳು ನೆರವೇರಿದ ತರುವಾಯ ಮನೆಯಲ್ಲಿ ಉಳಿಯುವ ವಸ್ತುಗಳ ಪೈಕಿ ವಿಡಿಯೋಗಳ ರಾಶಿಯೂ ಈಗ ಒಂದಾಗಿದೆ. ಛಾಯಾಗ್ರಾಹಕನು ತೆಗೆದುದು ಒಂದು ಪಾಲು; ಅಳಿಯನ ಮೊಬೈಲಿನಲ್ಲಿರುವುದು ಒಂದು ಪಾಲು; ನೆಂಟರಿಷ್ಟರು ಕಳುಹಿಸಿದುದು ಇನ್ನೊಂದು ಪಾಲು. ಬಿಡುವಾದಾಗ ಇವೆಲ್ಲವನ್ನೂ ಜೋಡಿಸಿ ಅಂದವಾದ ಚಿತ್ರವೊಂದನ್ನು ಮಾಡೋಣವೆಂದು ಎಲ್ಲರೂ ಸಂಕಲ್ಪಿಸುವರು. ವರ್ಷ ಕಳೆಯುವುದರೊಳಗೆ ಒಂದು ಮೊಬೈಲು ಕೆಡುತ್ತದೆ, ಮತ್ತೊಂದು ಕಳೆದುಹೋಗುತ್ತದೆ. ಹಸೆಯ ಹಾಡು ಹೇಳಿದ ಅಜ್ಜಿಯ ದನಿಯೂ ಅದರೊಡನೆಯೇ ಹೋಗಿಬಿಡುತ್ತದೆ. ಆ ದನಿಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳುವ ಭಾಗ್ಯವು ಎಷ್ಟೋ ಮನೆಗಳಲ್ಲಿ ಇಲ್ಲವಾಗಿರುವುದಕ್ಕೆ ಸಂಕಲನದ ಕೌಶಲ್ಯವಿಲ್ಲದುದು ಕಾರಣವಲ್ಲ, ಉಗ್ರಾಣದ ವ್ಯವಸ್ಥೆಯಿಲ್ಲದುದೇ ಕಾರಣವೆಂದು ನಾವು ಭಾವಿಸುತ್ತೇವೆ.

ಈ ವಿದ್ಯೆಯನ್ನೇ ವೃತ್ತಿಯಾಗಿ ಉಳ್ಳವರ ರೀತಿಯನ್ನು ನೋಡೋಣ. 2015ರಲ್ಲಿ ತೆರೆಕಂಡ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಎಂಬ ಚಿತ್ರಕ್ಕಾಗಿ ಸುಮಾರು 480 ಗಂಟೆಗಳಷ್ಟು ದೃಶ್ಯವನ್ನು ತೆಗೆದಿದ್ದರು. ದಿನಕ್ಕೆ 8 ಗಂಟೆಯಂತೆ ಕುಳಿತರೂ ಅದನ್ನು ಒಮ್ಮೆ ನೋಡಿ ಮುಗಿಸಲು 60 ದಿನಗಳು ಬೇಕು. ಮಾರ್ಗರೆಟ್ ಸಿಕ್ಸೆಲ್ ಎಂಬ ಮಹಿಳೆಯು ಅದರಿಂದ ಎರಡು ಗಂಟೆಗಳ ಚಿತ್ರವನ್ನು ಸಂಕಲಿಸಿ 2016ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆದಳು. ಬೇಕಾದ ತುಣುಕು ಬೇಕಾದಾಗ ಕೈಗೆ ಸಿಕ್ಕದಿದ್ದರೆ, ಅಷ್ಟು ದೊಡ್ಡ ರಾಶಿಯ ಮುಂದೆ ಎಂತಹ ಪ್ರತಿಭೆಯೂ ನಿಸ್ಸಹಾಯವಾಗುವುದಷ್ಟೆ.

ಮದುವೆಯ ಮನೆಯಲ್ಲಿ ಉಗ್ರಾಣಕ್ಕೆ ಒಬ್ಬರೇ ಯಜಮಾನರಿರುವಂತೆ ಈ ಕಾರ್ಯಕ್ಕೂ ಮನೆಯಲ್ಲಿ ಒಬ್ಬರು ಹೊಣೆಗಾರರಿರತಕ್ಕದ್ದು. ಎಲ್ಲರ ವಿಡಿಯೋಗಳನ್ನೂ ಅವರು ಒಂದೇ ಹಾರ್ಡ್ ಡಿಸ್ಕಿಗೆ ತುಂಬಿಸಿಕೊಳ್ಳಲಿ. ತೆಗೆದವರ ಹೆಸರಿಗೊಂದು ಫೋಲ್ಡರು, ಅದರೊಳಗೆ ದಿನಕ್ಕೊಂದು ಫೋಲ್ಡರು ಇರಲಿ. ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, ಹೀಗೆ 2024-11-18 ಎಂಬಂತೆ ಬರೆದರೆ ಕಂಪ್ಯೂಟರು ತಾನಾಗಿಯೇ ಅವನ್ನು ಕಾಲಕ್ರಮದಲ್ಲಿ ನಿಲ್ಲಿಸುತ್ತದೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಚೆನ್ನಾಗಿ ತಿಳಿದಿರಬೇಕು. ಸಂಕಲನದ ತಂತ್ರಾಂಶವು ಸಾಮಾನ್ಯವಾಗಿ ವಿಡಿಯೋವನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಅದು ಎಲ್ಲಿದೆಯೆಂಬುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಅಕ್ಕಿಯ ಮೂಟೆ ಯಾವ ಮೂಲೆಯಲ್ಲಿದೆಯೆಂದು ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿದಂತೆ ಇದು. ಮೂಟೆಯನ್ನು ಬೇರೆಡೆಗೆ ಸಾಗಿಸಿದರೆ ಪುಸ್ತಕದ ಗುರುತು ಸುಳ್ಳಾಗುವುದು. ಆದುದರಿಂದ ಕೆಲಸವು ಆರಂಭವಾದ ಮೇಲೆ ಕಡತಗಳ ಹೆಸರನ್ನಾಗಲಿ ಸ್ಥಳವನ್ನಾಗಲಿ ಬದಲಿಸಕೂಡದು. ಅಡುಕಿಡುವ ಕಾರ್ಯವೆಲ್ಲವೂ ಮೊದಲೇ ಮುಗಿದಿರಬೇಕು.

ಎರಡನೆಯದು, ಪ್ರತಿಗಳ ವಿಚಾರ. 1998ರಲ್ಲಿ ಪಿಕ್ಸಾರ್ ಸಂಸ್ಥೆಯವರು ‘ಟಾಯ್ ಸ್ಟೋರಿ 2’ ಚಿತ್ರವನ್ನು ತಯಾರಿಸುತ್ತಿದ್ದಾಗ, ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗವು ಅಳಿಸಿಹೋಯಿತು. ಕಾಪಿಟ್ಟ ಪ್ರತಿಯೂ ಕೆಟ್ಟಿದ್ದುದು ಆಗಲೇ ಬೆಳಕಿಗೆ ಬಂದಿತು. ಗ್ಯಾಲಿನ್ ಸುಸ್ಮನ್ ಎಂಬಾಕೆಯು ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಆಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದಿತು. ಅದರಿಂದ ಆ ಕೆಲಸವು ಉಳಿಯಿತು. ಬಲ್ಲವರು ಹೇಳುವ ನಿಯಮವು ಸುಲಭವಾಗಿದೆ: ಪ್ರತಿಗಳು 3, ಇಡುವ ಸಾಧನಗಳು 2 ಬಗೆಯವು, ಅವುಗಳಲ್ಲಿ 1 ಪ್ರತಿಯು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಬೇಕು. ಪ್ರತಿಯು ಇದೆಯೆಂದು ನಂಬಿ ಕುಳಿತಿರದೆ ಆಗಾಗ ತೆರೆದು ನೋಡುವುದೂ ಅಗತ್ಯ.

ಮೂರನೆಯದು, ಸಂಕಲನದ ಕ್ರಮ. ಇಂದಿನ ಕ್ಯಾಮೆರಾಗಳ ದೊಡ್ಡ ಕಡತಗಳನ್ನು ಹಳೆಯ ಕಂಪ್ಯೂಟರು ಹೊರಲಾರದೆ ತಡವರಿಸುತ್ತದೆ. ಅದಕ್ಕೆಂದು ಹೊಸ ಯಂತ್ರವನ್ನು ಕೊಳ್ಳುವ ಮೊದಲು, ‘ಪ್ರಾಕ್ಸಿ’ ಎಂಬ ಹಗುರವಾದ ಬದಲಿ ಕಡತಗಳನ್ನು ಮಾಡಿಸಿ ನೋಡಬಹುದು. ಕತ್ತರಿಸುವುದೆಲ್ಲ ಇವುಗಳ ಮೇಲೆ ನಡೆದು, ಕಡೆಯಲ್ಲಿ ಮೂಲದಿಂದಲೇ ಚಿತ್ರವು ಸಿದ್ಧವಾಗುವುದು.

ಮೊದಲು ಎಲ್ಲವನ್ನೂ ಒಮ್ಮೆ ಸಾವಧಾನವಾಗಿ ನೋಡಿ, ಯಾವ ಕಡತದ ಎಷ್ಟನೆಯ ನಿಮಿಷದಲ್ಲಿ ಏನಿದೆಯೆಂಬುದನ್ನು ಒಂದು ನೋಟು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಹೊಳೆಗೆ ಹಾಕಿದರೂ ಅಳೆದು ಹಾಕಬೇಕೆಂದು ಹಿರಿಯರು ಹೇಳಿರುವರಲ್ಲವೆ? ಮೂರು ದಿನಗಳ ಮದುವೆಯನ್ನು ಒಂದೇ ಸಾಲಿನಲ್ಲಿ ಜೋಡಿಸಲು ಹೊರಟರೆ ದಿಕ್ಕು ತಪ್ಪುವುದು ಖಂಡಿತ. ನಾಂದಿ, ವರಪೂಜೆ, ಧಾರೆ, ಆರತಕ್ಷತೆ, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಮುಗಿಸಿ ಕಡೆಯಲ್ಲಿ ಸೇರಿಸುವುದು ಲೇಸು. ಮೊದಲು ದೃಶ್ಯಗಳ ಜೋಡಣೆ, ಆಮೇಲೆ ಧ್ವನಿ, ಎಲ್ಲಕ್ಕೂ ಕಡೆಗೆ ಬಣ್ಣದ ತಿದ್ದುಪಡಿ. ತೆಗೆದುಹಾಕಬಹುದಾದ ದೃಶ್ಯಕ್ಕೆ ಬಣ್ಣ ತುಂಬುತ್ತ ಕುಳಿತರೆ ಶ್ರಮವೆಲ್ಲವೂ ವ್ಯರ್ಥವಾದೀತು. ದಿನದ ಕೆಲಸ ಮುಗಿದಾಗ ಪ್ರಾಜೆಕ್ಟ್ ಕಡತಕ್ಕೆ 01, 02, 03 ಎಂದು ಹೊಸ ಸಂಖ್ಯೆಯನ್ನು ಕೊಟ್ಟು ಉಳಿಸಿರಿ. ನಾಳೆ ಮನಸ್ಸು ಬದಲಾದರೆ ಹಿಂದಕ್ಕೆ ಹೋಗಲು ದಾರಿಯಿರುತ್ತದೆ.

ಇಷ್ಟೆಲ್ಲಕ್ಕೂ ಪುರುಸೊತ್ತೆಲ್ಲಿಯದೆಂದು ಕೆಲವರು ಕೇಳಬಹುದು. ಸಂಕಲನವು ಮುಂದಿನ ವರ್ಷಕ್ಕೆ ಹೋದರೂ ಚಿಂತೆಯಿಲ್ಲ. ಉಗ್ರಾಣದ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬಾರದು. ಒಪ್ಪವಾಗಿಟ್ಟ ವಿಡಿಯೋವನ್ನು ಮೊಮ್ಮಕ್ಕಳಾದರೂ ಸಂಕಲಿಸಿಯಾರು. ಕಳೆದುಹೋದುದನ್ನು ಯಾರೂ ತಂದುಕೊಡಲಾರರು. ಈ ವಾರದ ಬಿಡುವಿನ ದಿನದಲ್ಲಿ ವಾಚಕರು ಮನೆಯ ಮೊಬೈಲುಗಳನ್ನೆಲ್ಲ ಒಂದೆಡೆ ತರಿಸಿ, ಮನೆಯ ಹಿರಿಯರ ದನಿಯಿರುವ ವಿಡಿಯೋಗಳನ್ನೇ ಎಲ್ಲಕ್ಕಿಂತ ಮೊದಲು ತೆಗೆದಿರಿಸಿಕೊಳ್ಳುವರೆಂದು ನಾವು ಆಶಿಸುತ್ತೇವೆ.