ಸಮಿತಿಯ ಕೈಗುಣ

‘ಆ ಡಾಕ್ಟರ ಕೈಗುಣ ಒಳ್ಳೆಯದು’ ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಔಷಧ ಒಂದೇ ಆದರೂ ಒಬ್ಬರು ಕೊಟ್ಟರೆ ಗುಣವಾಗುತ್ತದೆ, ಇನ್ನೊಬ್ಬರು ಕೊಟ್ಟರೆ ಇಲ್ಲ ಎಂದು ಜನ ನಂಬುತ್ತಾರೆ. ಶಸ್ತ್ರವೈದ್ಯರ ವಿಷಯದಲ್ಲಂತೂ ಈ ನಂಬಿಕೆ ಇನ್ನೂ ಬಲವಾದದ್ದು. ಕತ್ತಿ ಹಿಡಿಯುವ ಕೈಯಲ್ಲವೆ? ಆದರೆ ಈ ಕೈಗುಣ ಬರುವುದೆಲ್ಲಿಂದ ಎಂದು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಕಲಿತು ಬಂದದ್ದಾದರೆ, ಯಾರ ಮೈಮೇಲೆ ಕಲಿತದ್ದು? ನೂರು ಮಂದಿಯನ್ನು ಕೊಂದವನು ವೈದ್ಯ, ಸಾವಿರ ಮಂದಿಯನ್ನು ಕೊಂದವನು ಚಿಕಿತ್ಸಕ ಎಂಬ ಕುಹಕದ ಮಾತೊಂದು ಸಂಸ್ಕೃತದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಸ್ಯವೆಂದು ನಕ್ಕುಬಿಡಬಹುದು. ಆದರೆ ಆ ನೂರರಲ್ಲಿ ಒಬ್ಬನಾಗಲು ಯಾರಿಗೆ ಇಷ್ಟ?

ಶಿಷ್ಯನ ಕಲಿಕೆಗೆ ರೋಗಿ ಬೆಲೆ ತೆರಬಾರದು ಎಂಬ ವಿವೇಕ ನಮ್ಮ ಪ್ರಾಚೀನರಿಗಿತ್ತು. ಸೋರೆಕಾಯಿ, ಕಲ್ಲಂಗಡಿ ಮೊದಲಾದವುಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆತ್ತನೆಯ ಚರ್ಮದ ಮೇಲೆ ಹೊಲಿಗೆಯನ್ನೂ, ಗೊಂಬೆಗಳ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಿಸಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಆದರೆ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಮಾತ್ರ ಹರಿಯುವಾಗ ಒಂದು ಕೊರತೆ ಉಳಿದೇ ಉಳಿಯುತ್ತದೆ. ಗುರು ಬಲ್ಲವನಾದರೆ ಶಿಷ್ಯ ಬಲ್ಲವನಾಗುತ್ತಾನೆ. ಗುರುವಿನ ತಪ್ಪು ಶಿಷ್ಯನ ಕೈಯಲ್ಲೂ ಮುಂದುವರಿಯುತ್ತದೆ. ಒಂದು ಊರಿನಲ್ಲಿ ಕಲಿತ ಪಾಠ ಪಕ್ಕದ ಊರಿಗೆ ತಲುಪುವುದಿಲ್ಲ. ಈ ಕೊರತೆಯನ್ನು ನೀಗಿಸುವ ಕೆಲಸವನ್ನು ಈಚಿನ ಕಾಲದಲ್ಲಿ ಕೈಗೊಂಡದ್ದು ಯಾವ ಮಹಾಪುರುಷನೂ ಅಲ್ಲ, ಸಮಿತಿಗಳು.

ಸಮಿತಿ ಎಂದೊಡನೆ ವಾಚಕರ ಮುಖದಲ್ಲಿ ನಗೆ ಮೂಡಿದರೆ ಆಶ್ಚರ್ಯವಿಲ್ಲ. ಕೆಲಸವನ್ನು ಮುಂದೂಡಬೇಕಾದಾಗ ಸಮಿತಿ ನೇಮಿಸುವುದು ನಾವೆಲ್ಲ ಕಂಡ ಸಂಗತಿ. ಕಾಫಿ, ಬಿಸ್ಕತ್ತು, ಹಿಂದಿನ ಸಭೆಯ ನಡವಳಿಯ ಅಂಗೀಕಾರ, ವಂದನಾರ್ಪಣೆ. ಆದರೆ ಎಲ್ಲ ಸಮಿತಿಗಳೂ ಹೀಗೆಯೇ ಇರಬೇಕಾಗಿಲ್ಲ. ಅಮೆರಿಕೆಯ ಶಸ್ತ್ರವೈದ್ಯರ ಸಂಘವೊಂದರ ಕಥೆ ಇದಕ್ಕೆ ಸಾಕ್ಷಿ.

‘ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್’ ಎಂಬ ಈ ಸಂಘ ಹುಟ್ಟಿದ್ದು 1913ರಲ್ಲಿ. ಅದನ್ನು ಕಟ್ಟಿದವರಲ್ಲಿ ಫ್ರಾಂಕ್ಲಿನ್ ಮಾರ್ಟಿನ್ ಮುಖ್ಯರು. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ವಿದ್ಯಾಲಯವಲ್ಲ, ವೃತ್ತಿಯವರ ಸಂಘ. ಸದಸ್ಯರಾಗಬಯಸಿದವರು ತಾವು ಮಾಡಿದ ನೂರು ಶಸ್ತ್ರಕ್ರಿಯೆಗಳ ವಿವರ ಒಪ್ಪಿಸಬೇಕೆಂದು ಸಂಘ ನಿಯಮ ಮಾಡಿತು. ಆಗ ಬಯಲಾಯಿತು ನೋಡಿ ಗುಟ್ಟು! ಅನೇಕ ಆಸ್ಪತ್ರೆಗಳಲ್ಲಿ ರೋಗಿ ಏಕೆ ಬಂದ, ಏನು ಮಾಡಿದರು, ಕೊನೆಗೆ ಏನಾದ ಎಂಬ ದಾಖಲೆಯೇ ಇರಲಿಲ್ಲ. ದಾಖಲೆಯಿಲ್ಲದ ಕಡೆ ತಪ್ಪು ತಿಳಿಯುವುದು ಹೇಗೆ? ತಪ್ಪು ತಿಳಿಯದೆ ಕಲಿಯುವುದು ಹೇಗೆ?

ಸಂಘವು ಒಂದೇ ಪುಟದಲ್ಲಿ ಹಿಡಿಯುವಷ್ಟು ನಿಯಮಗಳನ್ನು ಬರೆಯಿತು. ವೈದ್ಯರು ಒಂದು ವ್ಯವಸ್ಥೆಗೆ ಒಳಪಟ್ಟಿರಬೇಕು. ತಮ್ಮ ಕೆಲಸದ ಫಲಾಫಲಗಳನ್ನು ನಿಯತವಾಗಿ ಕೂಡಿ ವಿಮರ್ಶಿಸಬೇಕು. ರೋಗಿಗಳ ದಾಖಲೆ ಪೂರ್ಣವಾಗಿರಬೇಕು. ಪ್ರಯೋಗಶಾಲೆ ಮತ್ತು ಎಕ್ಸ್‌ರೇ ಸೌಲಭ್ಯ ಇರಬೇಕು. ಇಷ್ಟೇ. ಈ ಕನಿಷ್ಠ ನಿಯಮಗಳನ್ನು ಹಿಡಿದುಕೊಂಡು, ನೂರಕ್ಕೆ ಕಡಮೆಯಿಲ್ಲದ ಹಾಸಿಗೆಗಳುಳ್ಳ 692 ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ ತೇರ್ಗಡೆಯಾದವು ಕೇವಲ 89! ಸೋತವುಗಳ ಪಟ್ಟಿಯಲ್ಲಿ ಬಲು ದೊಡ್ಡ ಹೆಸರುಗಳೂ ಇದ್ದವು. ಪಟ್ಟಿ ಪತ್ರಿಕೆಯವರ ಕೈಗೆ ಸಿಕ್ಕರೆ ಗತಿಯೇನೆಂದು ಹೆದರಿದ ಮುಖಂಡರು 1919ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಕುಲುಮೆಯಲ್ಲಿ ಅದನ್ನು ಸುಟ್ಟುಹಾಕಿದರು. ಇದು ಹೆಮ್ಮೆಪಡುವ ಸಂಗತಿಯಲ್ಲ. ಆದರೆ ಪಟ್ಟಿಯನ್ನು ಸುಟ್ಟವರು ನಿಯಮಗಳನ್ನು ಸುಡಲಿಲ್ಲ. ಪರೀಕ್ಷೆ ವರ್ಷವರ್ಷವೂ ಮುಂದುವರಿಯಿತು, ತೇರ್ಗಡೆಯಾದ ಆಸ್ಪತ್ರೆಗಳ ಸಂಖ್ಯೆ ಏರುತ್ತ ಹೋಯಿತು.

ಇದೇ ಸಂಘ 1922ರಲ್ಲಿ ಮೂಳೆ ಮುರಿತದ ಚಿಕಿತ್ಸೆಗಾಗಿ ಬಾಸ್ಟನ್ನಿನ ಚಾರ್ಲ್ಸ್ ಸ್ಕಡರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮೋಟಾರು ವಾಹನಗಳು ಹೆಚ್ಚಿ, ಕೈಕಾಲು ಮುರಿದುಕೊಂಡವರು ಆಸ್ಪತ್ರೆಗಳಿಗೆ ಬರುತ್ತಿದ್ದ ಕಾಲ ಅದು. ಕಾಲಕ್ರಮದಲ್ಲಿ ಅದು ಮೂಳೆಯನ್ನಷ್ಟೇ ಅಲ್ಲದೆ ಎಲ್ಲ ಬಗೆಯ ಗಾಯಗಳನ್ನೂ ಲಕ್ಷ್ಯಕ್ಕೆ ತೆಗೆದುಕೊಂಡು ‘ಟ್ರಾಮಾ ಸಮಿತಿ’ ಎನಿಸಿಕೊಂಡಿತು. ಈ ಸಮಿತಿಯ ದೊಡ್ಡ ಕೆಲಸಕ್ಕೆ ಕಾರಣವಾದದ್ದು ಮಾತ್ರ ಒಬ್ಬ ತಂದೆಯ ದುಃಖ.

1976ರ ಫೆಬ್ರುವರಿಯ ಚಳಿಯ ಒಂದು ಸಂಜೆ. ನೆಬ್ರಾಸ್ಕ ಸಂಸ್ಥಾನದ ಲಿಂಕನ್ ನಗರದ ಮೂಳೆ ಶಸ್ತ್ರವೈದ್ಯ ಜೇಮ್ಸ್ ಸ್ಟೈನರ್ ತಮ್ಮ ಸಣ್ಣ ವಿಮಾನವನ್ನು ತಾವೇ ನಡೆಸಿಕೊಂಡು ಮಡದಿ ಮಕ್ಕಳೊಡನೆ ಊರಿಗೆ ಮರಳುತ್ತಿದ್ದರು. ವಿಮಾನ ಹೊಲವೊಂದರಲ್ಲಿ ಅಪ್ಪಳಿಸಿತು. ಪತ್ನಿ ಅಲ್ಲಿಯೇ ಅಸುನೀಗಿದರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಪ್ರಾಣಾಪಾಯದ ಪೆಟ್ಟು. ಸ್ವತಃ ಗಾಯಗೊಂಡಿದ್ದ ಆ ತಂದೆ ಕೈಗೆ ಸಿಕ್ಕಿದ್ದರಲ್ಲೇ ಮಕ್ಕಳ ಶುಶ್ರೂಷೆ ಮಾಡಿ, ರಸ್ತೆಯವರೆಗೆ ಹೋಗಿ, ಬಂದ ಕಾರೊಂದನ್ನು ಕೈಯೊಡ್ಡಿ ನಿಲ್ಲಿಸಿ, ಹತ್ತಿರದ ಸಣ್ಣ ಆಸ್ಪತ್ರೆಯನ್ನು ಸೇರಿದರು. ರಾತ್ರಿ ಹೊತ್ತು, ಬಾಗಿಲು ಹಾಕಿತ್ತು. ಕೊನೆಗೆ ವೈದ್ಯರೇನೋ ಬಂದರು. ಆದರೆ ಏಕಕಾಲಕ್ಕೆ ಹಲವು ಕಡೆ ಪೆಟ್ಟು ಬಿದ್ದ ರೋಗಿಗೆ ಮೊದಲು ಏನು ಮಾಡಬೇಕು, ಅನಂತರ ಏನು ಎಂಬ ಕ್ರಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಹೊಲದಲ್ಲಿ ಬರಿಗೈಯಿಂದ ತಾನು ಮಾಡಿದ ಆರೈಕೆಯೇ ಆಸ್ಪತ್ರೆಯ ಆರೈಕೆಗಿಂತ ಮೇಲಾಗಿತ್ತೆಂಬ ಭಾವನೆ ಸ್ಟೈನರರ ಮನಸ್ಸಿನಲ್ಲಿ ಉಳಿಯಿತು. ಮಕ್ಕಳು ಬದುಕಿದರು.

ಇಂಥ ಸಂದರ್ಭದಲ್ಲಿ ಮನುಷ್ಯ ಆ ಸಣ್ಣ ಊರಿನ ವೈದ್ಯರ ಮೇಲೆ ಹರಿಹಾಯುವುದು ಸಹಜ. ಸ್ಟೈನರ್ ಹಾಗೆ ಮಾಡದೆ, ದೋಷವಿರುವುದು ವ್ಯಕ್ತಿಯಲ್ಲಲ್ಲ, ವ್ಯವಸ್ಥೆಯಲ್ಲಿ ಎಂದರು. ಪಾಲ್ ಕಾಲಿಕಾಟ್ ಮೊದಲಾದ ಲಿಂಕನ್ನಿನ ಶಸ್ತ್ರವೈದ್ಯರೂ ದಾದಿಯರೂ ಅವರ ಜೊತೆಗೂಡಿದರು. ಹೃದಯಾಘಾತದ ತುರ್ತು ಚಿಕಿತ್ಸೆಯನ್ನು ಒಂದು ಕ್ರಮದಲ್ಲಿ ಕಲಿಸುವ ಶಿಕ್ಷಣ ಆಗಲೇ ರೂಢಿಯಲ್ಲಿತ್ತು; ಗಾಯಾಳುಗಳ ಚಿಕಿತ್ಸೆಗೂ ಅಂಥದೇ ಏಕಾಗಬಾರದು? ಮೊದಲ ಶಿಬಿರ ನಡೆದದ್ದು 1978ರಲ್ಲಿ, ಅದೇ ನೆಬ್ರಾಸ್ಕದ ಆಬರ್ನ್ ಎಂಬ ಊರಿನಲ್ಲಿ. ಎರಡೇ ವರ್ಷಗಳಲ್ಲಿ, ಎಂದರೆ 1980ರಲ್ಲಿ, ಟ್ರಾಮಾ ಸಮಿತಿ ಈ ಶಿಕ್ಷಣಕ್ರಮವನ್ನು ತನ್ನದಾಗಿ ಸ್ವೀಕರಿಸಿತು. ‘ಅಡ್ವಾನ್ಸ್‌ಡ್ ಟ್ರಾಮಾ ಲೈಫ್ ಸಪೋರ್ಟ್’ ಎಂಬ ಉದ್ದನೆಯ ಹೆಸರನ್ನು ವೈದ್ಯರು ಚಿಕ್ಕದಾಗಿ ಎ.ಟಿ.ಎಲ್.ಎಸ್. ಎನ್ನುತ್ತಾರೆ.

ಮೊದಲ ದಶಕಗಳಲ್ಲಿ ಅದು ಕಲಿಸಿದ ಪಾಠದ ತಿರುಳು ಇಷ್ಟು. ಯಾವುದು ಬೇಗ ಕೊಲ್ಲುತ್ತದೆಯೋ ಅದನ್ನು ಮೊದಲು ಸರಿಪಡಿಸು. ಶ್ವಾಸಮಾರ್ಗ ಕಟ್ಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಆದ್ದರಿಂದ ಕತ್ತು ಅಲುಗದಂತೆ ಹಿಡಿದು ಮೊದಲು ಅದನ್ನು ತೆರೆಯಬೇಕು. ಅನಂತರ ಉಸಿರಾಟ. ಆಮೇಲೆ ರಕ್ತಪರಿಚಲನೆ. ನಾಲ್ಕನೆಯದಾಗಿ ಮಿದುಳು ಮತ್ತು ನರಗಳ ಸ್ಥಿತಿ. ಐದನೆಯದಾಗಿ ಬಟ್ಟೆ ತೆಗೆದು, ಚಳಿ ತಗುಲದ ಹಾಗೆ ನೋಡಿಕೊಂಡು, ಇಡೀ ದೇಹದ ಪರೀಕ್ಷೆ. ಇಂಗ್ಲಿಷಿನಲ್ಲಿ ಈ ಐದರ ಮೊದಲಕ್ಷರಗಳು ಎ, ಬಿ, ಸಿ, ಡಿ, ಇ ಎಂದು ಸಾಲಾಗಿ ನಿಲ್ಲುತ್ತವೆ; ಮಧ್ಯರಾತ್ರಿಯಲ್ಲಿ ಎದ್ದು ಬಂದ ವೈದ್ಯನೂ ಮರೆಯಲಾರ. ವೈದ್ಯವಿದ್ಯಾರ್ಥಿಗಳಿಗೆ ರೋಗಿಯ ಪೂರ್ವವೃತ್ತಾಂತ ಕೇಳಿ, ರೋಗ ನಿರ್ಣಯಿಸಿ, ಆಮೇಲೆ ಚಿಕಿತ್ಸೆ ಎಂದು ಹೇಳಿಕೊಡುವುದು ವಾಡಿಕೆ. ಇಲ್ಲಿ ಅದು ತಲೆಕೆಳಗಾಯಿತು. ರಕ್ತ ಸುರಿಯುತ್ತಿರುವವನ ಪೂರ್ವವೃತ್ತಾಂತ ಕೇಳುತ್ತ ಕುಳಿತರೆ ಉತ್ತರ ಹೇಳಲು ಅವನಿರುವುದಿಲ್ಲ.

ಇಷ್ಟನ್ನು ಒಬ್ಬ ಬುದ್ಧಿವಂತ ಪುಸ್ತಕದಲ್ಲಿ ಬರೆದಿದ್ದರೂ ಆಗುತ್ತಿತ್ತಲ್ಲ, ಸಮಿತಿ ಮಾಡಿದ್ದೇನು ಎಂದು ಕೇಳಬಹುದು. ಮೊದಲನೆಯದಾಗಿ ಅದು ಬೋಧಕರನ್ನು ತಯಾರಿಸಿತು. ಶಿಬಿರದಲ್ಲಿ ಚೆನ್ನಾಗಿ ಕಲಿತವರನ್ನು ಆರಿಸಿ, ಬೋಧಿಸುವ ವಿದ್ಯೆಯನ್ನು ಅವರಿಗೆ ಬೇರೆಯಾಗಿ ಕಲಿಸಿತು. ಒಳ್ಳೆಯ ಶಸ್ತ್ರವೈದ್ಯರೆಲ್ಲ ಒಳ್ಳೆಯ ಮೇಷ್ಟರಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡದ್ದೇ ದೊಡ್ಡದು. ಎರಡನೆಯದಾಗಿ, ಉಪನ್ಯಾಸ ಕೇಳಿ ಎದ್ದುಹೋಗದಂತೆ, ಮೈಮೇಲೆ ಬಣ್ಣದಿಂದ ಗಾಯ ಬರೆದುಕೊಂಡ ನಕಲಿ ರೋಗಿಯ ಮುಂದೆ ಪ್ರತಿಯೊಬ್ಬನೂ ನಿಂತು ಕೆಲಸ ಮಾಡಿ ತೋರಿಸಬೇಕೆಂದು ವಿಧಿಸಿತು. ಮೂರನೆಯದಾಗಿ, ಸರ್ಟಿಫಿಕೇಟನ್ನು ಜನ್ಮಪೂರ್ತಿ ಕೊಡದೆ ನಾಲ್ಕು ವರ್ಷಕ್ಕೆ ಸೀಮಿತಗೊಳಿಸಿತು. ಈ ಕೆಲಸಕ್ಕೆ ಸಮಿತಿಯ ವೈದ್ಯರು ಕೊಡುವುದು ತಮ್ಮ ಬಿಡುವಿನ ಹೊತ್ತನ್ನು.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು: ತನ್ನ ಪಾಠವನ್ನು ತಾನೇ ತಿದ್ದುವ ಧೈರ್ಯ. ರಕ್ತ ಕಳೆದುಕೊಂಡ ವಯಸ್ಕನಿಗೆ ರಕ್ತನಾಳದ ಮೂಲಕ ಎರಡು ಲೀಟರ್ ಲವಣದ್ರಾವಣವನ್ನು ಬೇಗಬೇಗ ಕೊಡಬೇಕೆಂದು ಮೊದಲ ದಶಕಗಳಲ್ಲಿ ಈ ಶಿಬಿರಗಳೇ ಕಲಿಸಿದ್ದವು. ಅತಿಯಾದ ದ್ರಾವಣ ರಕ್ತವನ್ನು ತೆಳುವಾಗಿಸಿ, ಹೆಪ್ಪುಗಟ್ಟುವ ಶಕ್ತಿಯನ್ನು ಕುಂದಿಸಿ, ನಿಲ್ಲುತ್ತಿದ್ದ ರಕ್ತಸ್ರಾವವನ್ನು ಮತ್ತೆ ಹೆಚ್ಚಿಸಬಹುದೆಂದು ಕ್ರಮೇಣ ಗೊತ್ತಾಯಿತು. 2018ರ ಹತ್ತನೆಯ ಆವೃತ್ತಿಯ ಕೈಪಿಡಿಯಲ್ಲಿ ಅದು ಒಂದು ಲೀಟರಿಗೆ ಇಳಿದು, ಬೇಗ ರಕ್ತವನ್ನೇ ಕೊಡಿ ಎಂಬ ಮಾತು ಮುಂದಕ್ಕೆ ಬಂತು. ಒಬ್ಬನೇ ಗುರುವಾಗಿದ್ದರೆ ‘ನಾನು ಹೇಳಿದ್ದು ತಪ್ಪು’ ಎನ್ನಲು ಅಭಿಮಾನ ಅಡ್ಡ ಬರುತ್ತಿತ್ತೋ ಏನೋ. ಸಮಿತಿಗೆ ಆ ಕಷ್ಟ ಕಡಮೆ.

ಪ್ರಪಂಚದ ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ವೈದ್ಯರು ಈ ಶಿಬಿರಗಳಲ್ಲಿ ಕಲಿತಿದ್ದಾರೆ. ಹಾಗೆಂದು ಇದನ್ನು ಸಂಜೀವಿನಿಯೆಂದು ಹೊಗಳುವುದು ಸರಿಯಲ್ಲ. ವೆಸ್ಟ್ ಇಂಡೀಸಿನ ಟ್ರಿನಿಡಾಡಿನಲ್ಲಿ, ಶಿಬಿರಗಳು ನಡೆದ ಮೇಲೆ ತೀವ್ರವಾಗಿ ಗಾಯಗೊಂಡವರ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು 1993ರಲ್ಲಿ ವರದಿಯಾಯಿತು. ಆದರೆ ಎಲ್ಲ ಕಡೆಯೂ ಇಂಥ ಫಲವನ್ನು ಖಚಿತವಾಗಿ ತೋರಿಸಲು ಸಾಧ್ಯವಾಗಿಲ್ಲ. ಕಟ್ಟುನಿಟ್ಟಾದ ಪುರಾವೆ ಸಾಲದೆಂದು ಹೇಳುವ ವಿಮರ್ಶಕರೂ ಇದ್ದಾರೆ. ಕಲಿತ ಕೈಚಳಕ ಆರು ತಿಂಗಳಲ್ಲೇ ಮಾಸತೊಡಗುತ್ತದೆ. ಯಾವುದು ಮೊದಲು ಎಂಬ ಕ್ರಮಜ್ಞಾನ ಮಾತ್ರ ಬಹುಕಾಲ ಉಳಿಯುತ್ತದೆ. ಶಿಬಿರದ ಖರ್ಚು ಬಡ ದೇಶಗಳಿಗೆ ಭಾರವೆಂಬ ದೂರೂ ಸುಳ್ಳಲ್ಲ.

ಶಿಕ್ಷಣ ವೈದ್ಯರಲ್ಲೇ ನಿಂತರೆ ಸಾಲದೆಂಬುದೂ ಮುಂದೆ ಅದೇ ಸಂಘದವರಿಗೆ ಮನವರಿಕೆಯಾಯಿತು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ದುರುಳನ ಗುಂಡಿಗೆ ಇಪ್ಪತ್ತು ಮಂದಿ ಎಳೆಯ ಮಕ್ಕಳೂ ಆರು ಮಂದಿ ಹಿರಿಯರೂ ಬಲಿಯಾದರು. ಆ ಸಂಸ್ಥಾನದ ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯ ಲೆನ್‌ವರ್ತ್ ಜೇಕಬ್ಸ್ ಅವರ ನೇತೃತ್ವದಲ್ಲಿ ಸಂಘ 2013ರಲ್ಲಿ ಒಂದು ಸಮಿತಿಯನ್ನು ಕೂಡಿಸಿತು. ಆಂಬ್ಯುಲೆನ್ಸ್ ಬರುವ ಮೊದಲೇ ರಕ್ತ ಹರಿದು ಸಾಯುವವರನ್ನು ಉಳಿಸಬಲ್ಲವನು ಪಕ್ಕದಲ್ಲಿರುವ ಸಾಮಾನ್ಯ ಮನುಷ್ಯನೇ ಎಂದು ಸಮಿತಿ ಸಾರಿತು. ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿಯುವುದು, ಆಳವಾದ ಗಾಯಕ್ಕೆ ಬಟ್ಟೆ ತುಂಬಿ ಅದುಮುವುದು, ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿಪಟ್ಟಿ ಕಟ್ಟುವುದು: ಇವಿಷ್ಟನ್ನು ಅಲ್ಲಿ ಶಾಲೆಯ ಉಪಾಧ್ಯಾಯರೂ ಅಂಗಡಿಯವರೂ ಕಲಿಯುತ್ತಿದ್ದಾರೆ.

ಅಮೆರಿಕೆಯ ಕಥೆ ನಮಗೇಕೆ ಎನ್ನುವಂತಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷದಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ಲೆಕ್ಕ ಹೇಳುತ್ತದೆ. ದಿನವೊಂದಕ್ಕೆ 460ಕ್ಕೂ ಹೆಚ್ಚು! ಹೆದ್ದಾರಿಯ ಪಕ್ಕದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿರುವ ತರುಣ ವೈದ್ಯನ ಮುಂದೆ ಬರುವುದು ನೆಬ್ರಾಸ್ಕದ ಆ ರಾತ್ರಿಯ ಪ್ರಶ್ನೆಯೇ: ಮೊದಲು ಏನು, ಅನಂತರ ಏನು? ನಮ್ಮಲ್ಲಿಯೂ 1938ರಿಂದ ಭಾರತೀಯ ಶಸ್ತ್ರವೈದ್ಯರ ಸಂಘವಿದೆ. ಕರ್ನಾಟಕದಲ್ಲಿ ಅದರ ಶಾಖೆಯೂ ಇದೆ. ಎ.ಟಿ.ಎಲ್.ಎಸ್. ಶಿಬಿರಗಳು ಭಾರತದಲ್ಲಿಯೂ ನಡೆಯುತ್ತಿವೆ. ಗಾಯಾಳುವಿಗೆ ನೆರವಾದವನನ್ನು ಪೊಲೀಸು, ಕೋರ್ಟು ಎಂದು ಅಲೆಸದಂತೆ 2016ರಲ್ಲಿ ಸುಪ್ರೀಂ ಕೋರ್ಟು ರಕ್ಷಣೆ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾನೂನಿನಲ್ಲೇ ಅದು ಸೇರಿದೆ. ದಾರಿ ತೆರೆದಿದೆ. ಆ ವಿದ್ಯೆ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ನಿಂತುಬಿಡದೆ ಹೆದ್ದಾರಿಯ ಬದಿಯವರೆಗೆ ಹರಿದು ಬರಬೇಕು.

ಮುಂದಿನ ಸಲ ಯಾರಾದರೂ ‘ಆ ಡಾಕ್ಟರ ಕೈಗುಣ ಒಳ್ಳೆಯದು’ ಎಂದಾಗ ನಾವೂ ಹೌದೆನ್ನೋಣ. ಜೊತೆಗೆ, ಆ ಕೈಯ ಹಿಂದೆ ಎಂದೋ ಎಲ್ಲಿಯೋ ಮೇಜಿನ ಸುತ್ತ ಕುಳಿತು ತಮ್ಮ ತಪ್ಪುಗಳನ್ನು ಮುಚ್ಚಿಡದೆ ಚರ್ಚಿಸಿ, ಪಾಠವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಹಲವರಿದ್ದಾರೆಂಬುದನ್ನೂ ನೆನೆಯೋಣ. ಸಂಸ್ಕೃತದ ಆ ಕುಹಕದ ಮಾತನ್ನು ಸುಳ್ಳು ಮಾಡುವ ಪ್ರಯತ್ನ ಅವರದು. ಅವರು ಗೆದ್ದಷ್ಟೂ ನಮಗೆ ಲಾಭ.