ಬಟನ್ ಫೋನಿಗೂ ಬೀಗ ಬೇಡವೇ?

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಂಥ ಹೋಬಳಿಗಳಲ್ಲಿ ಹಾಲಿನ ಬಟವಾಡೆ, ಬೆಳೆ ಪರಿಹಾರ ಖಾತೆಗೆ ಬಿದ್ದ ಸುದ್ದಿ ತಿಳಿಯುವುದು ಎಸ್ಸೆಮ್ಮೆಸ್ಸಿನಿಂದ. ಒಟಿಪಿ ಬರುವುದೂ ಅದರಲ್ಲೇ. ಸಾಮಾನ್ಯ ಬಟನ್ ಫೋನಿಗೆ ಅದು 2ಜಿ ಹಾದಿಯಲ್ಲಿ ಬರುತ್ತದೆ. ಆ ಹಾದಿಗೆಂದು ಎ5/1 ಎಂಬ ಗೂಢಲಿಪಿ ಹುಟ್ಟಿದ್ದು 1987ರಲ್ಲಿ. ಅದನ್ನು ಬಿಡಿಸಬಲ್ಲ ಸುಮಾರು 2 ಟೆರಾಬೈಟ್ ಕೋಷ್ಟಕಗಳನ್ನು 2009ರ ಡಿಸೆಂಬರಿನಲ್ಲಿ ಜರ್ಮನಿಯ ಸಂಶೋಧಕ ಕಾರ್ಸ್ಟನ್ ನೋಲ್ ಬರ್ಲಿನ್ನಿನಲ್ಲಿ ಬಹಿರಂಗಪಡಿಸಿದರು. ಮೊಬೈಲ್ ಸೇವಾ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂ ಅಸೋಸಿಯೇಷನ್ ಕೊಟ್ಟ ಉತ್ತರ: ಇದು ತಾತ್ವಿಕವಾಗಿ ಮಾತ್ರ ಸಾಧ್ಯ, ಅಲ್ಲದೆ ಕಾನೂನುಬಾಹಿರ. ಬೀಗ ಸಡಿಲವಾಗಿದೆ ಎಂದವನನ್ನೇ ಕಳ್ಳನೆಂದು ಗದರಿದಂತಾಯಿತು. ಎ5/1ಕ್ಕಿಂತ ಗಟ್ಟಿಯಾದ ಎ5/3 ಅಷ್ಟರಲ್ಲಾಗಲೇ ಸಿದ್ಧವಿತ್ತು. ಅಳವಡಿಸುವುದು ಮಾತ್ರ ಆಯಾ ಕಂಪನಿಯ ಮರ್ಜಿ.

ದೋಷ ಬರೀ ಗಣಿತದ್ದಲ್ಲ. 2ಜಿಯಲ್ಲಿ ಫೋನು ತಾನು ಯಾರೆಂದು ಟವರಿಗೆ ರುಜುವಾತು ಮಾಡಬೇಕು, ಟವರು ಫೋನಿಗೆ ಮಾಡಬೇಕಿಲ್ಲ. ಹೀಗಾಗಿ ನಕಲಿ ಟವರೊಂದು ‘ಗೂಢಲಿಪಿ ಬೇಡ’ ಎಂದರೆ ಫೋನು ತಲೆಯಾಡಿಸುತ್ತದೆ. ಅಂಥ ಹೊತ್ತಿನಲ್ಲಿ ಪರದೆಯ ಮೇಲೆ ಎಚ್ಚರಿಕೆಯ ಗುರುತು ಮೂಡಬೇಕೆಂದು 2ಜಿಯ ಜಿಎಸ್‌ಎಂ ಮಾನದಂಡವೇ ಹೇಳುತ್ತದೆ. ಆದರೆ ಸಿಮ್ಮಿನಲ್ಲಿನ ಒಂದು ಸೆಟ್ಟಿಂಗ್‌ನಿಂದ ಆ ಗುರುತನ್ನು ಅಡಗಿಸಲು ಕಂಪನಿಗೆ ಅದೇ ಮಾನದಂಡ ಅವಕಾಶ ಕೊಟ್ಟಿದೆ! ನನಗೆ ಗೂಢಲಿಪಿ ಮುರಿದದ್ದಕ್ಕಿಂತ ಇದೇ ದೊಡ್ಡ ತಪ್ಪಾಗಿ ಕಾಣುತ್ತದೆ. 2ಜಿಯನ್ನೇ ಬಂದ್ ಮಾಡುವ ಆಯ್ಕೆ 2021ರ ಆಂಡ್ರಾಯ್ಡ್ 12ರಲ್ಲಿ ಬಂತು, ಅದೂ ಸ್ಮಾರ್ಟ್‌ಫೋನಿಗೆ. 2ಜಿ ಬಿಟ್ಟರೆ ಬೇರೆ ಗತಿಯಿಲ್ಲದ ಫೋನಿಗೆ ಅದರಿಂದೇನು ಉಪಯೋಗ?

ರೈತನ ಫೋನನ್ನು ಯಾರು ಕದ್ದು ಕೇಳುತ್ತಾರೆ ಎನ್ನುವವರಿದ್ದಾರೆ. ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಗುರಿಗಳೆನ್ನಲಾದ ಫೋನ್ ಸಂಖ್ಯೆಗಳ, 2021ರ ಜುಲೈನಲ್ಲಿ ಹೊರಬಿದ್ದ ಪಟ್ಟಿಯನ್ನು ನೆನೆಯಿರಿ. ಪೆಗಾಸಸ್ ಗೂಢಲಿಪಿ ಮುರಿಯುವುದಿಲ್ಲ, ಫೋನಿನೊಳಕ್ಕೇ ನುಗ್ಗುತ್ತದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅದು ನುಗ್ಗಿತ್ತೆಂದೂ ಅಲ್ಲ. ಆದರೂ ಕರ್ನಾಟಕದಿಂದ ಅದರಲ್ಲಿದ್ದವೆಂದು ವರದಿಯಾದ ಸಂಖ್ಯೆಗಳಲ್ಲಿ ಕುಮಾರಸ್ವಾಮಿ, ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳದ್ದೂ, ಹೊಳೆನರಸೀಪುರದ ದೇವೇಗೌಡರ ಭದ್ರತಾ ಸಿಬ್ಬಂದಿಯೊಬ್ಬರದ್ದೂ ಇದ್ದವು. ದೊಡ್ಡವರ ಮನೆಗೆ ದಾರಿ ಸಣ್ಣವರ ಜೇಬಿನಿಂದ. ಒಟಿಪಿ ವಂಚನೆಗಳಲ್ಲಿ ಬಹುಪಾಲು ಜನ ತಾವೇ ಸಂಖ್ಯೆ ಹೇಳಿ ಮೋಸಹೋಗುತ್ತಾರೆ ಎಂಬ ಮಾತು ಹೆಚ್ಚು ತೂಕದ್ದು, ನಿಜವೂ ಹೌದು. ಆದರೆ ಹೇಳದೆಯೂ ಕಳೆದುಕೊಂಡವನ ಪಾಡೇನು? ಹೊಣೆ ಗ್ರಾಹಕನದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಸರಿಯಾದ ಒಟಿಪಿ ನಮೂದಾಗಿದೆ ಎಂಬುದನ್ನೇ ಸಾಬೀತೆಂದು ಒಪ್ಪಿದರೆ ಆ ಮಾತಿಗೆ ಬೆಲೆಯಿಲ್ಲ. ಇನ್ನು, 2ಜಿ ಮುಚ್ಚಿಬಿಡಿ ಎನ್ನುವುದು ಹೊಸ ಫೋನು ಕೊಳ್ಳಬಲ್ಲವರ ಸಲಹೆ. ಅದಕ್ಕೆ ಮೊದಲು ಯಾವ ಟವರಿನಲ್ಲಿ ಯಾವ ಗೂಢಲಿಪಿ ಇದೆಯೆಂದು ಕಂಪನಿಗಳು ಪ್ರಕಟಿಸಲಿ. ಹೊಸದಾಗಿ ಕೊಡುವ ಸಿಮ್ಮುಗಳಲ್ಲಿ ಆ ಎಚ್ಚರಿಕೆಯ ಗುರುತನ್ನು ಅಡಗಿಸದಿರಲಿ. ಅದಕ್ಕೆ ಹೊಸ ಟವರೇನೂ ಬೇಕಿಲ್ಲ.