ಮೇದೋಜೀರಕ ಕ್ಯಾನ್ಸರ್: ಕಾಮಾಲೆ ಇಳಿಯುವ ಮುನ್ನ ಅಂಕಿ ನಂಬುವಂತಿಲ್ಲ

ಕೊಪ್ಪ: ಕಣ್ಣು ಹಳದಿಯಾದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕಾಮಾಲೆಗೆ ನಾಟಿ ಔಷಧ ಸೇವಿಸಿ ಪಥ್ಯ ಮಾಡುವ ರೂಢಿ ಇಂದಿಗೂ ಇದೆ. ಸೋಂಕಿನಿಂದ ಬಂದ ಕಾಮಾಲೆ ಬಹುತೇಕ ತಾನಾಗಿಯೇ ಇಳಿಯುವುದರಿಂದ ಆ ಔಷಧಕ್ಕೆ ಹೆಸರೂ ಬಂದಿದೆ. ಆದರೆ ಜ್ವರವಿಲ್ಲದೆ, ನೋವಿಲ್ಲದೆ, ಮೈತುರಿಕೆಯೊಂದಿಗೆ ಏರುತ್ತಲೇ ಹೋಗುವ ಕಾಮಾಲೆಯ ಹಿಂದೆ ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆ ಇರಬಹುದು. ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ. ಮಲ ಬಿಳಿಚಿಕೊಳ್ಳುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಇಂಥ ರೋಗಿ ಪಥ್ಯದಲ್ಲಿ ಕಳೆಯುವ ಮೂರು-ನಾಲ್ಕು ವಾರ ಬಹಳ ದುಬಾರಿ. ರೋಗ ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಸಾಧ್ಯವಿರುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ. ಅಮೆರಿಕದಲ್ಲಿಯೂ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ 13ರ ಆಸುಪಾಸಿನಲ್ಲಿದೆ.

ಕಡೆಗೆ ಆಸ್ಪತ್ರೆಗೆ ಹೋದಾಗ ಕೈಗೆ ಬರುವ ವರದಿಯಲ್ಲಿ ‘ಸಿಎ 19-9’ ಎಂಬ ಸಾಲೊಂದು ಇರುತ್ತದೆ. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಹಿಲರಿ ಕೊಪ್ರೋವ್‌ಸ್ಕಿ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಹುಟ್ಟಿದ ಈ ಪರೀಕ್ಷೆ, ಮೇದೋಜೀರಕ ಕ್ಯಾನ್ಸರಿನಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ರಕ್ತಸೂಚಕ. ಮಿಲಿಲೀಟರಿಗೆ 37 ಯೂನಿಟ್‌ವರೆಗೆ ಸಹಜ. ವರದಿಯಲ್ಲಿ ಅದು ಸಾವಿರ ದಾಟಿದ್ದರೆ ಮನೆಯವರ ಜಂಘಾಬಲವೇ ಉಡುಗುತ್ತದೆ. ತೋಟ ಅಡವಿಟ್ಟಾದರೂ ಚಿಕಿತ್ಸೆ ಕೊಡಿಸಬೇಕೇ, ಸುಮ್ಮನೆ ಮನೆಗೆ ಕರೆದೊಯ್ಯಬೇಕೇ ಎಂಬ ಚರ್ಚೆ ಅಲ್ಲಿಂದಲೇ ಶುರು.

ಆ ಒಂದು ಅಂಕಿಯ ಮೇಲೆ ಅಷ್ಟು ದೊಡ್ಡ ನಿರ್ಧಾರ ಸಲ್ಲದು. ಈ ಸೂಚಕ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಪಿತ್ತರಸದ ಮೂಲಕ. ದಾರಿ ಕಟ್ಟಿಕೊಂಡರೆ ಅದು ರಕ್ತದಲ್ಲಿ ಶೇಖರವಾಗುತ್ತದೆ. ಕ್ಯಾನ್ಸರೇ ಇಲ್ಲದೆ ಪಿತ್ತಕಲ್ಲು ನಾಳಕ್ಕೆ ಅಡ್ಡ ಬಂದವರಲ್ಲಿಯೂ ಅಂಕಿ ಗಗನಕ್ಕೇರಿದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿ ಹೇರಳ. ನಾಳಕ್ಕೆ ಸ್ಟೆಂಟ್ ಹಾಕಿ, ಬಿಲಿರುಬಿನ್ ಸಹಜ ಮಟ್ಟಕ್ಕೆ ಇಳಿದ ಬಳಿಕ ಮತ್ತೆ ಪರೀಕ್ಷಿಸಿದಾಗ ಸಿಗುವ ಅಂಕಿಗೇ ಬೆಲೆ. ಇನ್ನೊಂದು ತೊಡಕು ರಕ್ತದ ಗುಣಕ್ಕೆ ಸಂಬಂಧಿಸಿದ್ದು. ‘ಲೂಯಿಸ್ ನೆಗೆಟಿವ್’ ಎನಿಸಿಕೊಳ್ಳುವ ಶೇ 5ರಿಂದ 10ರಷ್ಟು ಜನರ ದೇಹ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಅವರಲ್ಲಿ ಗಡ್ಡೆ ಎಷ್ಟೇ ಬೆಳೆದರೂ ವರದಿ ಸಹಜವಾಗಿಯೇ ಇರಬಹುದು. ಹೀಗಿರುವಾಗ ಆರೋಗ್ಯವಂತರಿಗೂ ‘ಹೆಲ್ತ್ ಚೆಕಪ್’ ಪ್ಯಾಕೇಜಿನಲ್ಲಿ ಇದನ್ನು ಸೇರಿಸಿ ಮಾರುವುದರಲ್ಲಿ ಅರ್ಥವಿಲ್ಲ. ರೋಗಲಕ್ಷಣ ಇಲ್ಲದವರಲ್ಲಿ ಮೇದೋಜೀರಕ ಕ್ಯಾನ್ಸರ್ ತಪಾಸಣೆಯೇ ಬೇಡವೆಂದು ಅಮೆರಿಕದ ತಜ್ಞ ಕಾರ್ಯಪಡೆ 2019ರಲ್ಲಿ ಮತ್ತೊಮ್ಮೆ ಹೇಳಿದೆ.

ಪರೀಕ್ಷೆಯ ನಿಜವಾದ ಉಪಯೋಗ ಇರುವುದು ರೋಗದ ಮುಂದಿನ ನಡೆಯನ್ನು ಅಂದಾಜಿಸುವಲ್ಲಿ. ಗಡ್ಡೆಯನ್ನು ತೆಗೆಯಬಹುದೆಂದು ಸ್ಕ್ಯಾನ್ ಹೇಳಿದರೂ ಸೂಚಕ 500 ಯೂನಿಟ್ ಮೀರಿದ್ದರೆ ರೋಗ ಕಣ್ಣಿಗೆ ಕಾಣದಂತೆ ಹರಡಿರುವ ಶಂಕೆ ಇರುತ್ತದೆ. ಅಂಥವರಿಗೆ ಮೊದಲು ಕೀಮೊಥೆರಪಿ ಕೊಟ್ಟು ನೋಡುವ ಕ್ರಮ ಈಗ ಬಲಗೊಂಡಿದೆ. ಶಸ್ತ್ರಚಿಕಿತ್ಸೆಯ ನಂತರವೂ 180 ಯೂನಿಟ್‌ಗಿಂತ ಮೇಲೆ ಉಳಿದವರು ಉಳಿದವರಿಗಿಂತ ಗಣನೀಯವಾಗಿ ಕಡಿಮೆ ಕಾಲ ಬದುಕಿದರೆಂದು ‘ಆರ್‌ಟಿಒಜಿ 9704’ ಎಂಬ ಅಧ್ಯಯನದ 2008ರ ವರದಿ ತಿಳಿಸಿತು. ಕೀಮೊಥೆರಪಿ ವೇಳೆ ಅಂಕಿ ಇಳಿದರೆ ಒಳ್ಳೆಯ ಲಕ್ಷಣ. ಏರತೊಡಗಿದರೆ ಸ್ಕ್ಯಾನಿಗಿಂತ ಮುಂಚೆಯೇ ರೋಗ ಮರುಕಳಿಸಿದ ಸುಳಿವು ಸಿಗುವುದುಂಟು. ಇವೆಲ್ಲ ರೋಗಿಗಳ ಗುಂಪಿಗೆ ಅನ್ವಯಿಸುವ ಮಾತುಗಳು. ಎದುರಿಗೆ ಕುಳಿತ ಒಬ್ಬ ರೋಗಿಗೆ ಇಷ್ಟೇ ತಿಂಗಳೆಂದು ಎಣಿಸಿ ಹೇಳುವ ಶಕ್ತಿ ಈ ಪರೀಕ್ಷೆಗಿಲ್ಲ.

ಹಾಗಾಗಿ ಅಂಕಿಗಳ ಸರಣಿ ಮುಖ್ಯ. ಅದೂ ಒಂದೇ ಪ್ರಯೋಗಾಲಯದ್ದು. ಕಿಟ್ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಈ ಸರಣಿ ತುಂಡಾಗುವುದೇ ಮೂರು ತಾಲ್ಲೂಕುಗಳ ಸಮಸ್ಯೆ. ರಕ್ತದ ಮಾದರಿಯನ್ನು ನಗರಕ್ಕೆ ಕಳುಹಿಸಬಹುದು, ವರದಿ ಮೊಬೈಲಿಗೆ ಬರುತ್ತದೆ. ಅದನ್ನು ಓದಬಲ್ಲ ಕ್ಯಾನ್ಸರ್ ತಜ್ಞರು ಇರುವುದು ಶಿವಮೊಗ್ಗ, ಮಣಿಪಾಲ, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿಯಲ್ಲಿ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲ ತಲುಪುವುದು ಆರೋಗ್ಯವಂತರಿಗೇ ಪ್ರಯಾಸ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಹೊರರೋಗಿಯಾಗಿ ಮತ್ತೆ ಮತ್ತೆ ಮಾಡಿಸುವ ಪರೀಕ್ಷೆ, ಬಾಡಿಗೆ ವಾಹನ, ಜತೆಗೆ ಬರುವವರ ಕೂಲಿ ನಷ್ಟ ಎಲ್ಲವೂ ಮನೆಯವರ ಹೆಗಲಿಗೇ.

ಶೃಂಗೇರಿಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದೂ ಹೌದು. ಕಟ್ಟಡಕ್ಕೆ ಕಾಯದೆ ಆಗಬಹುದಾದ ಕೆಲಸಗಳೂ ಇವೆ. ಐವತ್ತು ದಾಟಿದವರಿಗೆ ನೋವಿಲ್ಲದ ಕಾಮಾಲೆ ಕಂಡರೆ ವಾರದೊಳಗೆ ಬಿಲಿರುಬಿನ್ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಆ ವಯಸ್ಸಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದು ತೂಕ ಇಳಿಯುತ್ತಿದ್ದರೂ ವೈದ್ಯರು ಒಮ್ಮೆ ಮೇದೋಜೀರಕದ ಕಡೆ ಯೋಚಿಸುವುದು ಒಳಿತು. ಚಿಕಿತ್ಸೆ ಮುಗಿಸಿ ಬಂದವರ ವರದಿಗಳನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರೇ ‘ಇ-ಸಂಜೀವನಿ’ಯಂಥ ದೂರವೈದ್ಯ ವ್ಯವಸ್ಥೆಯ ಮೂಲಕ ತಜ್ಞರಿಗೆ ತೋರಿಸಿದರೆ ಎಷ್ಟೋ ಪ್ರಯಾಣ ತಪ್ಪುತ್ತದೆ. ಕುಟುಂಬದವರು ಮಾಡಬೇಕಾದ್ದು ಇಷ್ಟೇ: ಸಿಎ 19-9 ವರದಿಯ ಜತೆಗೆ ಅದೇ ದಿನದ ಬಿಲಿರುಬಿನ್ ವರದಿಯನ್ನೂ ಕೇಳಿ ಪಡೆದು, ದಿನಾಂಕವಾರು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳುವುದು.